ಟ್ರಿಪಲ್ ಮೇಜರ್ ಮಾವ

ಅಮೆರಿಕದಲ್ಲಿ ಹುಟ್ಟಿ ಬೆಳೆದ ಅಕ್ಕನ ಮಗಳಿಗೆ ಧರ್ಮಸಂಕಟ. ಹೈಸ್ಕೂಲಿನಲ್ಲೇ ಎಪಿ ಪರೀಕ್ಷೆಗಳನ್ನು ಬರೆದು 30 ಕ್ರೆಡಿಟ್ ಗುಡ್ಡೆ ಹಾಕಿಕೊಂಡಿದ್ದಾಳೆ. ಅವಳ ಕಾಲೇಜಿನಲ್ಲಿ ಪದವಿಗೆ ಬೇಕಾದದ್ದು 120. ನಾಲ್ಕು ವರ್ಷದ ಓದನ್ನು ಮೂರಕ್ಕೇ ಮುಗಿಸಿ ಹೊರಬೀಳಬಹುದು. ಇಲ್ಲವೇ ನಾಲ್ಕನೇ ವರ್ಷವೂ ಕೂತು, ಕಂಪ್ಯೂಟರ್ ಸೈನ್ಸಿನ ಜೊತೆ ಫಿಲಾಸಫಿಯನ್ನೂ ಸೇರಿಸಿಕೊಂಡು ಡಬಲ್ ಮೇಜರ್ ಅನ್ನಿಸಿಕೊಳ್ಳಬಹುದು. "ಮಾವ, ನೀನೇನಂತೀಯ?" ಎಂದು ವಿಡಿಯೋ ಕಾಲಿನಲ್ಲಿ ಕೇಳಿದಳು.

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಿ.ಎಸ್ಸಿ. ಸೇರಲು ಹೋದಾಗ ಕಿಟಕಿಯ ಸರಳಿನಾಚೆ ಕೂತಿದ್ದ ಗುಮಾಸ್ತರು ತಲೆಯೆತ್ತದೆ, "ಪಿಸಿಎಂ ಮುಗೀತು. ಸಿಬಿಜಡ್ ಇದೆ, ಬರ್ಕೊಳ್ಲಾ?" ಎಂದರು. ನನ್ನ ಹೆಗಲ ಮೇಲಿಂದ ಅಪ್ಪನ ದನಿ ಬಂತು: "ಬರ್ಕೊಳಿ ಸ್ವಾಮಿ." ಅವತ್ತು ತಿಂಡಿ ಬಿಟ್ಟು ಹೊರಟಿದ್ದರೆ ಭೌತವಿಜ್ಞಾನಿಯಾಗುತ್ತಿದ್ದೆನೋ ಏನೋ. ಎರಡನೇ ದೋಸೆಗೆ ಕಾದು ಕೂತದ್ದಕ್ಕೆ ಮೂರು ವರ್ಷ ಜಿರಳೆ ಕೊಯ್ದೆ.

ಆದರೆ ಲೆಕ್ಕ ಹಾಕಿ ನೋಡಿ. ಕೆಮಿಸ್ಟ್ರಿ, ಬಾಟನಿ, ಜುವಾಲಜಿ, ಮೂರಕ್ಕೂ ಸರಿಸಮಾನ ಮರ್ಯಾದೆ. ಅಂದರೆ ನಾನು ಟ್ರಿಪಲ್ ಮೇಜರ್! ನನ್ನಂಥವರು ನಾಡಿನ ತುಂಬ ಸಹಕಾರಿ ಬ್ಯಾಂಕುಗಳಲ್ಲಿ ಠಸ್ಸೆ ಒತ್ತುತ್ತಿದ್ದಾರೆ, ಪಾಪ, ಒಬ್ಬರೂ ಹೇಳಿಕೊಂಡು ತಿರುಗಲಿಲ್ಲ. ಇನ್ನು ಬೇಗ ಮುಗಿಸುವ ಮಾತೋ, 2021ರಲ್ಲಿ ನಮ್ಮ ರಾಜ್ಯವೂ ಆನರ್ಸ್ ಅಂತ ಪದವಿಗೆ ನಾಲ್ಕನೇ ವರ್ಷ ಅಂಟಿಸಿ, 2024ರಲ್ಲಿ ಅದನ್ನು ಕಿತ್ತು ಮತ್ತೆ ಮೂರಕ್ಕೇ ತಂದಿತು. ಇಲ್ಲಿ ಹುಡುಗರು ತಲೆ ಕೆಡಿಸಿಕೊಳ್ಳಬೇಕಿಲ್ಲ, ಆ ಕೆಲಸ ಸರ್ಕಾರ ನೋಡಿಕೊಳ್ಳುತ್ತದೆ.

ನಮ್ಮಮ್ಮನಿಗೆ ಬೇರೆಯೇ ಚಿಂತೆ. "ಒಂದು ವರ್ಷ ಮುಂಚೆ ಮುಗಿಸಿದ್ರೆ ಜನ ಏನಂತಾರೆ? ಓದು ಬಿಡಿಸಿದ್ರು ಅನ್ನಲ್ವಾ?" ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಡುಮ್ಕಿ ಹೊಡೆದು ಹೊಡೆದು ಮೂರು ವರ್ಷದ ಬಿ.ಎ.ಯನ್ನು ಐದು ವರ್ಷ ಓದಿದವರು ನಮ್ಮ ಬೀದಿಯಲ್ಲಿದ್ದಾರೆ. ಅವಸರ ಮಾಡಿದವರನ್ನು ಬೀದಿ ಕಂಡಿಲ್ಲ.

ಭಾವ ಎಕ್ಸೆಲ್ ಶೀಟು ತೆರೆದರು. ಒಂದು ಕಡೆ ಒಂದು ವರ್ಷದ ಫೀಸು, ಡಾರ್ಮಿನ ಬಾಡಿಗೆ, ಊಟದ ಖರ್ಚು ಉಳಿತಾಯ. ಅದರ ಮೇಲೆ ಒಂದು ವರ್ಷದ ಸಂಬಳ. ಇನ್ನೊಂದು ಕಡೆ ಫಿಲಾಸಫಿ, ಅದರೆದುರು ಸೊನ್ನೆ. ಅಷ್ಟು ವರ್ಷದಿಂದ ಅಲ್ಲಿದ್ದರೂ ಮೊತ್ತವನ್ನು ರೂಪಾಯಿಗೆ ಗುಣಿಸಿ ನೋಡಿಯೇ ನಿಟ್ಟುಸಿರು ಬಿಟ್ಟರು. "ವೇದಾಂತ ಬೇಕಾದ್ರೆ ರಿಟೈರಾದ್ಮೇಲೆ ಓದ್ಕೋ ಮಗಳೇ."

ನಾನು ಮಾತ್ರ ನಾಲ್ಕನೇ ವರ್ಷದ ಪಕ್ಷ. ಎರಡನೇ ಮೇಜರ್ ನೋಡಿ ಯಾವ ಕಂಪನಿಯೂ ಸಂಬಳ ಹೆಚ್ಚು ಕೊಡಲಿಕ್ಕಿಲ್ಲ, ನಿಜ. ಆದರೆ ಆಫೀಸು ಎಲ್ಲಿಗೂ ಓಡಿಹೋಗುವುದಿಲ್ಲ; 40 ವರ್ಷ ಬಾಗಿಲು ತೆಗೆದುಕೊಂಡೇ ಕೂತಿರುತ್ತದೆ. "ಇರು ಪುಟ್ಟಿ, ಹಾಯಾಗಿ ಓದು" ಎಂದೆ. ಅಕ್ಕ ನನ್ನನ್ನು ಗುರಾಯಿಸಿದಳು. ಫೀಸು ಕಟ್ಟುವವನು ನಾನಲ್ಲವಲ್ಲ.

ಅಷ್ಟರಲ್ಲಿ ಭಾವನಿಗೆ ಜ್ಞಾನೋದಯ. "ಎರಡೂ ಮೇಜರನ್ನ ಮೂರೇ ವರ್ಷದಲ್ಲಿ ಮುಗಿಸಿದ್ರೆ?"

ಹುಡುಗಿ ಅದನ್ನೂ ಲೆಕ್ಕ ಹಾಕಿಟ್ಟಿದ್ದಳು. ಲಾಜಿಕ್ ಕೋರ್ಸು ಎರಡೂ ಕಡೆ ಲೆಕ್ಕಕ್ಕೆ ಬರುತ್ತದಂತೆ. ಸೆಮಿಸ್ಟರಿಗೆ 18 ಕ್ರೆಡಿಟ್, ಬೇಸಿಗೆ ರಜೆಯಲ್ಲೂ ಕ್ಲಾಸು. "ಆಗುತ್ತೆ ಅಪ್ಪಾ, ನಿದ್ದೆ ಒಂದು ಬಿಟ್ಟರೆ."

ಭಾವ ಕನ್ನಡಕ ಸರಿಮಾಡಿಕೊಂಡು ಶೀಟಿನತ್ತ ಬಾಗಿದರು. "ನಿದ್ದೆಗೆ ಕ್ರೆಡಿಟ್ ಏನೂ ಇಲ್ಲ ತಾನೆ?"