ನೂರಕ್ಕೆ ನೂರು ಬ್ಯಾಟರಿ

ದ್ವಿತೀಯ ಪಿಯುಸಿಯಲ್ಲಿ 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು, ಉಡುಪಿ ಎರಡನೆಯದು. ಮರುವರ್ಷ ಉಡುಪಿ ಮೊದಲು, ನಾವು ಎರಡನೆಯವರು. ಮೂರನೆಯ ಸ್ಥಾನ ಎಂಬುದೊಂದು ಉಂಟೆಂದು ಮಂಗಳೂರಿನಲ್ಲಿ ನಂಬುವವರು ಕಡಿಮೆ. ಇಂಥ ಊರಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯನ್ನು 80ಕ್ಕೆ ನಿಲ್ಲಿಸಿ ಎಂದು ಹೇಳುವುದೂ ಒಂದೇ, ಮಗಳನ್ನು ಆರ್ಟ್ಸಿಗೆ ಸೇರಿಸಿ ಎನ್ನುವುದೂ ಒಂದೇ.

ಹೊತ್ತುಕೊಂಡು ಓಡಾಡಲೆಂದೇ ಹೆಚ್ಚು ಹಣ ಕೊಟ್ಟು ತಂದ ಹಗುರ ಯಂತ್ರ ಬಿಜೈ, ಕದ್ರಿಯ ಫ್ಲ್ಯಾಟುಗಳಲ್ಲಿ ಊಟದ ಮೇಜಿನ ಪಕ್ಕದ ಪ್ಲಗ್ಗು ಬಿಟ್ಟು ಕದಲುವುದಿಲ್ಲ. ಕೆಲಸವೆಲ್ಲ ಚಾರ್ಜರಿನದ್ದು, ಬ್ಯಾಟರಿಗೆ ತುಂಬಿಕೊಂಡು ಕೂರುವುದಷ್ಟೇ ಉದ್ಯೋಗ. ಸಾಮಾನ್ಯವಾಗಿ ಲಿಥಿಯಂ ಸೆಲ್ಲು 4.2 ವೋಲ್ಟಿನ ಆಸುಪಾಸು ಮುಟ್ಟಿದಾಗ ನೂರು ಪರ್ಸೆಂಟ್. ತಿಂಗಳುಗಟ್ಟಲೆ ಅಲ್ಲೇ ನಿಲ್ಲಿಸಿಟ್ಟರೆ ಒಳಗಿನ ದ್ರಾವಣ ಕೆಡುತ್ತದೆ, ಸೆಖೆ ಸೇರಿದರೆ ಇನ್ನೂ ಬೇಗ. ಸೆಖೆಗೆ ನಮ್ಮಲ್ಲಿ ಬರವೇ? ಮೇ ತಿಂಗಳ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತ ಮನುಷ್ಯನೇ ಒದ್ದೆ; ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪಿನ ಗತಿ ಕೇಳಬೇಡಿ. ಕೊನೆಗೆ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡನ್ನು ಮೇಲೆತ್ತುತ್ತದೆ. ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಿ ಮೀಟಿಂಗಿಗೆ ಹಾಜರಾಗುವ ಧೀರರೂ ಇದ್ದಾರೆ. ಅದಕ್ಕೆ ಬೆಂಕಿ ಹತ್ತೀತು ಎಂದರೆ, "ಒಂದು ಕಾಲ್ ಮುಗೀಲಿ" ಎನ್ನುತ್ತಾರೆ.

ಮದ್ದಿಗೆ ಖರ್ಚಿಲ್ಲ. ಆಸುಸ್‌ನ ಕೆಲವು ಮಾದರಿಗಳಲ್ಲಿ 60, 80, 100 ಎಂದು ಮಿತಿ ಆರಿಸಬಹುದು. ಲೆನೋವೊ, ಡೆಲ್‌ಗಳ ಅನೇಕ ಮಾದರಿಗಳಲ್ಲೂ ಇಂಥ ಸೆಟ್ಟಿಂಗ್ ಉಂಟು. ಆದರೆ ಮನೆಯಲ್ಲಿ ಬ್ಯಾಂಕಿನಿಂದ ರಿಟೈರಾದ ಅಪ್ಪ ಇದ್ದಾರಲ್ಲ!

"ಎಂತ ಮಗಾ, 80ಕ್ಕೇ ನಿಂತಿದೆ?"

"ಅಷ್ಟೇ ಸಾಕಪ್ಪ, ಬಾಳಿಕೆ ಬರ್ತದೆ."

"ಡಿಸ್ಟಿಂಕ್ಷನ್ನಿಗೇ 85 ಬೇಕು ಮಾರಾಯ್ತಿ!"

ಮಾವನ ಸಲಹೆ ಬೇರೆ: ವಾರಕ್ಕೊಮ್ಮೆ ಪೂರ್ತಿ ಸೊನ್ನೆಗಿಳಿಸಿ ತುಂಬಿಸಬೇಕಂತೆ. ಅದು ನಿಕಲ್-ಕ್ಯಾಡ್ಮಿಯಂ ಕಾಲದ ವೇದವಾಕ್ಯ. ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಸುದ್ದಿ ಮಾವನಿಗೆ ಇನ್ನೂ ತಲುಪಿಲ್ಲ. ಲಿಥಿಯಂಗೆ ಸೊನ್ನೆಯೂ ಒಗ್ಗದು, ನೂರೂ ಒಗ್ಗದು. ಈ ಬ್ಯಾಟರಿಗಾಗಿ ದುಡಿದ ವಿಜ್ಞಾನಿ ಜಾನ್ ಗುಡ್‌ಇನಫ್ 2019ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪಡೆದಾಗ ಅವರಿಗೆ 97 ವರ್ಷ. ನಮ್ಮವರಾದರೆ ಉಳಿದ ಮೂರು ಎಲ್ಲಿ ಹೋಯಿತೆಂದು ಕೇಳಿಯಾರು.

"ಮಳೆಗಾಲದಲ್ಲಿ ಕರೆಂಟ್ ಹೋದರೆ?" ಎಂಬ ಪ್ರಶ್ನೆ ನ್ಯಾಯವೇ. ಜೂನಿನ ಗಾಳಿಗೆ ತಂತಿಯ ಮೇಲೆ ಮರ ಬೀಳುವ ಲಕ್ಷಣವಿದ್ದ ದಿನ ನೂರು ತುಂಬಿಸಿಕೊಳ್ಳಿ, ಯಾರು ಬೇಡವೆಂದರು? ಆದರೆ ಇನ್ವರ್ಟರ್ ಇಲ್ಲದ ಮನೆಯಲ್ಲಿ ಕರೆಂಟಿನೊಂದಿಗೇ ಸಾಯುವುದು ವೈಫೈ. ಆಮೇಲೆ ಆ ನೂರನ್ನು ಇಟ್ಟುಕೊಂಡು ಪರದೆಯಲ್ಲಿ ಬಾಯಿ ತೆರೆದು ನಿಂತ ಮ್ಯಾನೇಜರ್ ಮುಖವನ್ನು ನೋಡುತ್ತಾ ಕೂರಬಹುದು.

ಅಷ್ಟಕ್ಕೂ ಆ ನೂರೂ ಅಸಲಿಯಲ್ಲ. ಹಳೆಯ ಬ್ಯಾಟರಿಯ ಸಾಮರ್ಥ್ಯ ಅರ್ಧಕ್ಕಿಳಿದರೂ, ಉಳಿದ ಅರ್ಧ ತುಂಬಿದರೆ ಸಾಕು, ಪರದೆ 100 ಎಂದೇ ತೋರಿಸುತ್ತದೆ. ಗ್ರೇಸ್ ಮಾರ್ಕ್ಸ್ ಸಿಕ್ಕಿದ್ದು 2024ರ ನಮ್ಮ ಎಸ್ಸೆಸ್ಸೆಲ್ಸಿಗೆ ಮಾತ್ರವಲ್ಲ.

ಇಷ್ಟೆಲ್ಲ ವಿವರಿಸಿದ ಮೇಲೆ ಅಪ್ಪ 80ಕ್ಕೆ ಒಪ್ಪಿದ್ದಾರೆ. ಒಂದೇ ಷರತ್ತು: ನೆಂಟರು ಬಂದಾಗ ಲ್ಯಾಪ್‌ಟಾಪ್ ಮುಚ್ಚಿಡಬೇಕು.