ವಿಘ್ನಮೀಮಾಂಸೆ: ಪುಟ್ಟಿಯ ಮೊದಲ ಭರತನಾಟ್ಯ ಪಾಠದ ಹಿನ್ನೆಲೆಯಲ್ಲಿ

ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಭರತಮುನಿ ತನ್ನ ನೂರು ಮಕ್ಕಳಿಗೆ ನಾಟ್ಯ ಕಲಿಸಿ ಪ್ರಯೋಗಕ್ಕೆ ಇಳಿಸಿದಾಗ ವಿಘ್ನರೆಂಬವರು ಮರೆಯಲ್ಲಿ ನಿಂತು ನಟರ ಮಾತು, ಚಲನೆ, ನೆನಪು ಮೂರನ್ನೂ ಸ್ತಂಭನಗೊಳಿಸಿದರು. ಈ ವಿಘ್ನರು ಯಾರು? ದೈತ್ಯರ ಕಡೆಯವರೆಂಬುದು ಪೂರ್ವಪಕ್ಷ. ಈ ಶಾಸ್ತ್ರದ ಮಹಾವ್ಯಾಖ್ಯಾನಕಾರ ಅಭಿನವಗುಪ್ತರು ಬ್ರಹ್ಮಚಾರಿಗಳಾಗಿದ್ದರೆಂದು ಪ್ರತೀತಿ. ಮೊಮ್ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಬಾಗಿಲಲ್ಲಿ ಕಾಯುವ ಯೋಗ ಅವರಿಗೆ ಬಂದಿರಲಾರದು. ಪ್ರಸ್ತುತ ಸಂಶೋಧಕನಿಗೆ ಬಂದಿತು.

ಸ್ಥಳ ಮೈಸೂರು, ಮನೆಯೊಂದರ ಮಹಡಿಯ ಮೇಲೆ ಶೀಟು ಹೊದಿಸಿದ ಹಾಲು. ಕಾಲ ವಿಜಯದಶಮಿಯ ಬೆಳಿಗ್ಗೆ, ಜಂಬೂಸವಾರಿಗೆ ರಸ್ತೆ ಮುಚ್ಚುವ ಮುನ್ನ. ಸಾಮಗ್ರಿ ಎಲೆ, ಅಡಿಕೆ, ತೆಂಗಿನಕಾಯಿ, ದಕ್ಷಿಣೆ. ಅರಮನೆಯ ಕಲಾವಿದೆ ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಸೇರಿದ್ದು ಎಂಟನೆಯ ವಯಸ್ಸಿನಲ್ಲಿ. ಪುಟ್ಟಿಗೆ ಈಗ ಐದು. "ಆಗಲೇ ತಡವಾಯ್ತು" ಎಂಬುದು ಅವಳ ಅಜ್ಜಿಯ ಮತ. ಅದನ್ನು ಖಂಡಿಸುವ ಧೈರ್ಯ ಸಂಶೋಧಕನಿಗಿಲ್ಲ.

ಮೊದಲಿಗೆ ಭೂಮಿ ನಮಸ್ಕಾರ. ನಿನ್ನನ್ನು ತುಳಿಯುತ್ತೇವಮ್ಮ, ಕ್ಷಮಿಸು ಎಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕ್ರಮ. ಪುಟ್ಟಿ ಕೇಳಿದಳು: "ಇನ್ನೂ ತುಳಿದೇ ಇಲ್ವಲ್ಲ ಮಿಸ್, ಯಾಕೆ ಸಾರಿ?" ನ್ಯಾಯಶಾಸ್ತ್ರಜ್ಞರು ಗಮನಿಸಬೇಕು. ಅಪರಾಧದ ಪ್ರಾಗಭಾವಕ್ಕೆ ಪ್ರಾಯಶ್ಚಿತ್ತವುಂಟೇ ಎಂಬ ಈ ಪ್ರಶ್ನೆಗೆ ಮಿಸ್ ಕೊಟ್ಟ ಉತ್ತರ "ಮೊದಲು ಮಾಡು ಪುಟ್ಟಾ". ಪೂರ್ವಮೀಮಾಂಸಕರ ಉತ್ತರವೂ ಹೆಚ್ಚುಕಡಿಮೆ ಇದೇ.

ಬಳಿಕ ಅರೆಮಂಡಿ. ಮಂಡಿಗಳನ್ನು ಎರಡು ಪಕ್ಕಕ್ಕೆ ಬಾಗಿಸಿ ಅರ್ಧ ಕೂರುವುದು ಲಕ್ಷಣ. ಪುಟ್ಟಿ ಅರ್ಧದಲ್ಲಿ ನಿಲ್ಲದೆ ಪೂರ್ತಿ ಕೂತಳು; ಅಲ್ಲಿಂದ ಮಲಗಿಯೂ ಬಿಟ್ಟಳು. ಶಾಸ್ತ್ರದಲ್ಲಿ ಇದಕ್ಕೆ ಹೆಸರಿಲ್ಲ. ‘ಸರ್ವಾಂಗಮಂಡಿ’ ಎಂದು ಕರೆಯಬಹುದೆಂದು ಸೂಚಿಸುತ್ತೇನೆ. ತಟ್ಟಡವನ್ನು ಮೂರು ಕಾಲಗಳಲ್ಲಿ ಮಾಡಬೇಕು: ಮೊದಲನೆಯದರ ಎರಡರಷ್ಟು ಎರಡನೆಯದು, ನಾಲ್ಕರಷ್ಟು ಮೂರನೆಯದು. ಪುಟ್ಟಿ ಮೊದಲ ಕಾಲದಲ್ಲೂ ಕಾಲೆತ್ತಲಿಲ್ಲ. ಆದರೆ "ಮಿಸ್, ಸುಸು" ಎಂದು ಹೊರಗೋಡಿದಾಗ ಪಾದಗಳು ಶುದ್ಧ ಮೂರನೆಯ ಕಾಲದಲ್ಲಿದ್ದುದಕ್ಕೆ ಸಂಶೋಧಕನೇ ಸಾಕ್ಷಿ.

ಪಾಠಾಂತರದ ಮಾತು. ಆ ಬದಿಯಲ್ಲಿ ದೊಡ್ಡ ಹುಡುಗಿಯರು "ತೈಯುಂ ತತ್ತ ತೈಯುಂ ತಾ" ಎಂದು ನಾಟಡವು ಮಾಡುತ್ತಿದ್ದರು. ಪುಟ್ಟಿ ಮನೆಗೆ ಬಂದು ಒಪ್ಪಿಸಿದ ಪಾಠ "ಅಯ್ಯೋ ತಾತ ಅಯ್ಯೋ ತಾ". ತಾಳ ತಪ್ಪಿಲ್ಲ. ಸಂಶೋಧಕನ ಉಲ್ಲೇಖವಿರುವುದರಿಂದ ಇದು ಪ್ರಕ್ಷಿಪ್ತವೆಂದು ಅವಳಜ್ಜಿ ವಾದಿಸುತ್ತಾಳೆ. ಇದೇ ಮೂಲವೆಂದು ನನ್ನ ನಿಲುವು.

ಇನ್ನು ಮುಖ್ಯ ವಿಷಯ. ಅಭಿನಯದರ್ಪಣದಲ್ಲಿ ನಂದಿಕೇಶ್ವರ ಹೇಳಿದ ಅಸಂಯುತ ಹಸ್ತಗಳು 28. ಮಿಸ್ ಮೊದಲನೆಯದಾದ ಪತಾಕವನ್ನು ತೋರಿಸಿದರು. ಪುಟ್ಟಿ ತೋರಿಸಿದ್ದು 29ನೆಯದು: ಬಾಗಿಲಲ್ಲಿ ನಿಂತ ಅಮ್ಮನ ವೇಲನ್ನು ಹಿಡಿದು ಬಿಡದಿರುವ ‘ವೇಲುಮುಷ್ಟಿ’. ಅಲ್ಲಿಯವರೆಗೆ ತಕ್ಕಮಟ್ಟಿಗೆ ಬಾಯಿ ಬಿಡುತ್ತಿದ್ದವಳು, ಅಮ್ಮ "ಪುಟ್ಟಿ, ಕೈ ನೇರ!" ಎಂದೂ, ಅಪ್ಪ ಮೊಬೈಲು ಹಿಡಿದು "ಇಲ್ನೋಡು, ಇಲ್ಲಿ!" ಎಂದೂ, ತಾತ ಸುಮ್ಮನೆ ಚಪ್ಪಾಳೆ ತಟ್ಟಿಯೂ ಪ್ರೋತ್ಸಾಹಿಸಿದೊಡನೆ ಮಾತು ನಿಂತಿತು, ಚಲನೆ ನಿಂತಿತು, ಕಲಿತ ಒಂದು ಅಡವೂ ಮರೆತುಹೋಯಿತು. ಮಾತು, ಚಲನೆ, ನೆನಪು. ಭರತಮುನಿ ಹೇಳಿದ ಮೂರೂ, ಅದೇ ಕ್ರಮದಲ್ಲಿ!

ಆದ್ದರಿಂದ ಸಿದ್ಧಾಂತ: ವಿಘ್ನರು ದೈತ್ಯರಲ್ಲ, ಪೋಷಕರು. ಆ ನೂರು ಮಕ್ಕಳಿಗೂ ಅಮ್ಮಂದಿರಿದ್ದಿರಬೇಕಲ್ಲ.

ಮುಂದಿನ ಪ್ರಮಾಣಗಳೂ ಪೂರಕವಾಗಿವೆ. ಇಂದ್ರ ಧ್ವಜದ ದಂಡವನ್ನೆತ್ತಿ ವಿಘ್ನರನ್ನು ಜರ್ಜರಗೊಳಿಸಿದ. ದಂಡಕ್ಕೆ ಜರ್ಜರವೆಂದೇ ಹೆಸರಾಯಿತು. ಇಲ್ಲಿ ಮಿಸ್ ತಟ್ಟುಮಣೆಯ ಕೋಲನ್ನು ನಮ್ಮ ಕಡೆಗೆ ತೋರಿಸಿ, "ಎಲ್ಲರೂ ಕೆಳಗೆ ಕೂತ್ಕೊಳಿ ಪ್ಲೀಸ್. ಸಾರ್, ನೀವೂನು" ಎಂದರು. ಆಮೇಲೆ ಬ್ರಹ್ಮನ ಅಪ್ಪಣೆಯಂತೆ ವಿಶ್ವಕರ್ಮ ನಾಟ್ಯಗೃಹವನ್ನೇ ಕಟ್ಟಿದ. ಮಿಸ್ ಅಷ್ಟು ಖರ್ಚು ಮಾಡದೆ ಬಾಗಿಲು ಹಾಕಿಕೊಂಡರು.

ಮೆಟ್ಟಿಲ ಮೇಲೆ ಚಪ್ಪಲಿಗಳ ನಡುವೆ ಕೂತ ಸಂಶೋಧಕನಿಗೆ ಒಳಗಿನಿಂದ ಕೋಲಿನ ಸದ್ದೂ ಪುಟ್ಟ ಪಾದಗಳ ಸದ್ದೂ ಕೇಳಿಸಿದವು. ಅವುಗಳಲ್ಲಿ ನಮ್ಮ ಪುಟ್ಟಿಯವು ಯಾವುವೆಂಬುದಕ್ಕೆ ಆಧಾರ ದೊರೆತಿಲ್ಲ. ಆ ಬಾಗಿಲಿನ ಕೀಲಿಕಿಂಡಿಯಿಂದ ನೋಡಿದ ಓದುಗರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.