ನಾಲ್ಕು ಗಾಲಿಗಳ ಪರಾಕ್ರಮಿಗಳಿಗೆ ಸೇಡಂ ಸೀಮೆಯಿಂದ ಬಹಿರಂಗ ಪತ್ರ

ಮಹಾಶಯರೇ,

ನಾಲ್ಕು ಗಾಲಿಗಳಿಗೂ ಏಕಕಾಲದಲ್ಲಿ ಎಂಜಿನಿನ ಬಲವನ್ನು ಹಂಚಬಲ್ಲ ಘನವಾಹನಗಳನ್ನೇರಿ, ನೆತ್ತಿಯ ಮೇಲೆ ದೀಪಮಾಲೆಯನ್ನು ಧರಿಸಿ, ಚಿಂಚೋಳಿಯ ಕಾಡಿನಲ್ಲಿ ಯಾರೂ ತುಳಿಯದ ಹಾದಿಯೊಂದನ್ನು ಶೋಧಿಸಲು ತಾವು ದಯಮಾಡಿಸುತ್ತಿರುವಿರೆಂಬ ವಾರ್ತೆಯನ್ನು ಕೇಳಿ ಪರಮಾನಂದವಾಯಿತು. ಕುಂಚಾವರಂ ಸುತ್ತಲಿನ ತಾಂಡಾಗಳ ಲಂಬಾಣಿ ಹೆಂಗಸರು ತಲೆಹೊರೆಯೊಡನೆ ಅದೇ ಹಾದಿಯನ್ನು ತಲೆಮಾರುಗಳಿಂದ ತುಳಿಯುತ್ತಿರುವರೆಂಬುದು ನಿಜವಾದರೂ, ಅದರ ಚಲಚ್ಚಿತ್ರವನ್ನು ಅವರು ತೆಗೆಯಲಿಲ್ಲವಾದ ಕಾರಣ ಗಣನೆಗೆ ಬಾರದು.

ಆದರೂ ಒಂದು ಬಿನ್ನಹ. ಚಂದ್ರಂಪಳ್ಳಿ ಜಲಾಶಯದ ಸುತ್ತಣ 134.88 ಚದರ ಕಿಲೋಮೀಟರ್ ಅರಣ್ಯವು 2011ರಿಂದ ವನ್ಯಜೀವಿಧಾಮವಾಗಿದ್ದು, ಅಲ್ಲಿಯ ತೋಳ, ನರಿ, ಕತ್ತೆಕಿರುಬಗಳು ತಮ್ಮ ಲೋ ಗೇರಿನ ಗರ್ಜನೆಯನ್ನು ಆಸ್ವಾದಿಸುವಷ್ಟು ರಸಿಕತೆಯನ್ನು ಇನ್ನೂ ಸಂಪಾದಿಸಿಲ್ಲ. ಮೇಲಾಗಿ, ಶಹಾಬಾದಿನ ಹಾಸುಗಲ್ಲನ್ನೂ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳ ಸಿಮೆಂಟನ್ನೂ ಹೊತ್ತ ಲಾರಿಗಳು ಅಹರ್ನಿಶಿ ಉತ್ತು ಹದಗೊಳಿಸಿರುವ ನಮ್ಮ ರಸ್ತೆಗಳಿರುವಾಗ, ನಾಡಿಗೆಲ್ಲ ಸಿಮೆಂಟನ್ನು ಧಾರೆಯೆರೆದು ತನಗೆ ಧೂಳನ್ನಷ್ಟೇ ಉಳಿಸಿಕೊಂಡ ಈ ಉದಾರ ಸೀಮೆಯನ್ನು ದಾಟಿ, ಸಾಹಸವನ್ನರಸುತ್ತ ಕಾಡಿಗೆ ಹೋಗಬೇಕಾದ ದುರ್ಗತಿ ತಮಗೇಕೆ? ಚಿತ್ತಾಪುರದ ಎರೆಹೊಲಗಳ ಬಂಡಿಜಾಡಿಗೆ ಒಂದು ಹದಮಳೆಯಾದ ಮೇಲೆ ಇಳಿದು ನೋಡೋಣವಾಗಲಿ: ನಾಲ್ಕೂ ಗಾಲಿಗಳಿಗೆ ಚಾಲನೆಯಿರುವುದರಿಂದ ಆಗುವ ಲಾಭವೆಂದರೆ, ನಾಲ್ಕೂ ಸಮಾನವಾಗಿ ಹೂತುಹೋಗುವುದು.

ಹಿಂದಿನ ಗಾಲಿಗಳ ಬಲವೊಂದನ್ನೇ ನಂಬಿದ ನಮ್ಮ ಸಾರಿಗೆ ಬಸ್ಸು, ತೊಗರಿಯ ಚೀಲ, ಬಾಣಂತಿ, ಶಾಲೆಯ ಮಕ್ಕಳ ಸಮೇತ ತಾಂಡಾ ಮುಟ್ಟಿ ಮರಳುತ್ತದೆ. ಅದರ ಡ್ರೈವರನ ಅಂಗಿಯ ಮೇಲೆ ಯಾವ ಸಾಹಸಕೂಟದ ಮುದ್ರೆಯೂ ಇಲ್ಲ. (ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಮೂರನೆಯ ಇಂದ್ರನ ಕುದುರೆಗಳು ಯಮುನೆಯನ್ನೇ ದಾಟಿದುವೆಂದು ಶಾಸನವು ಕೊಂಡಾಡುತ್ತದೆ. ಅವಕ್ಕೂ ನಾಲ್ಕು ಕಾಲುಗಳ ಚಾಲನೆಯಿದ್ದಿತು. ಆದರೆ ಮುಟ್ಟಬೇಕಾದ ಕನೌಜೆಂಬ ಊರೂ ಒಂದಿದ್ದಿತು.)

ಕಾಡನ್ನು ಕಾಣಲೇಬೇಕೆಂಬ ಅಭಿಲಾಷೆಯಿದ್ದಲ್ಲಿ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು, ವಾಹನವನ್ನು ಹೊರಗೇ ನಿಲ್ಲಿಸಿ, ಕಾಲ್ನಡಿಗೆಯಲ್ಲಿ ಬನ್ನಿ. ಅನುಮತಿಯಿಲ್ಲದೆ ವನ್ಯಜೀವಿಧಾಮವನ್ನು ಹೊಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ವಾಹನದ ಮೂತಿಗೆ ಬಿಗಿದಿರುವ ಆ ಉಕ್ಕಿನ ಹಗ್ಗದ ರಾಟೆಯನ್ನು ಮಾತ್ರ ಮಳೆಗಾಲ ಮುಗಿಯುವವರೆಗೆ ಸೇಡಂ ಬಸ್ ನಿಲ್ದಾಣದಲ್ಲಿ ಬಿಟ್ಟುಹೋಗುವ ಕೃಪೆಮಾಡಬೇಕು. ನಮ್ಮ ಬಸ್ಸು ಹೂತಾಗ ಬೇಕಾಗುತ್ತದೆ.

ಇತಿ,
ಬಸ್ಸಿಗಾಗಿ ಕಾದಿರುವ ಓರ್ವ ಪ್ರಯಾಣಿಕ